ಸೋಡಾ ಮಾವನಿಗೆ, ಆಮೇಲೆ ನಿಮಗೆಲ್ಲ

ಮೊನ್ನೆ ಡಾಕ್ಟರು ಫೈಲು ಮುಚ್ಚಿ, "ಇನ್ನು ಏನು ಬೇಕಾದ್ರೂ ತಿನ್ನಿ, ಕುಡೀರಿ. ಮೂರು ತಿಂಗಳು ಬಿಟ್ಟು ಬಂದು ಒಂದ್ಸಲ ತೋರಿಸ್ಕೊಂಡು ಹೋಗಿ ಸಾಕು" ಅಂದರು. ಈ ಮಾತಿಗಾಗಿ ನೀವೆಷ್ಟು ಜನ ಕಾಯುತ್ತಿದ್ದಿರಿ ಅಂತ ನನಗೆ ಗೊತ್ತು. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳುವಷ್ಟು ಗಂಟಲು ಇನ್ನೂ ಗಟ್ಟಿಯಾಗಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಏನಾಯ್ತು, ಎಷ್ಟು ಹೊಲಿಗೆ, ಎಷ್ಟು ಸಲ ಕರೆಂಟು (ಅದೇ, ರೇಡಿಯೇಷನ್) ಕೊಟ್ಟರು, ಅದೆಲ್ಲ ನಿಮಗೆ ಗೊತ್ತಿರುವುದೇ. ಗೊತ್ತಿಲ್ಲದವರು ಮನೆಗೆ ಬಂದಾಗ ನನ್ನ ಹೆಂಡತಿಯನ್ನು ಕೇಳಿ. ನನಗಿಂತ ಚೆನ್ನಾಗಿ ಹೇಳುತ್ತಾಳೆ, ಸ್ವಲ್ಪ ಒಗ್ಗರಣೆ ಹಾಕಿ.

ಥ್ಯಾಂಕ್ಸ್ ಹೇಳುವಾಗ ಎಲ್ಲರಿಗೂ ಸಮಪಾಲು ಕೊಡಬೇಕು ಅಂತಾರೆ. ನನ್ನ ಕೈಲಿ ಅದು ಆಗುವುದಿಲ್ಲ. ಇಲ್ಲಿ ಮುಕ್ಕಾಲು ಪಾಲು ಒಬ್ಬರಿಗೇ ಹೋಗುತ್ತದೆ. ಉಳಿದವರು ಬೇಜಾರು ಮಾಡ್ಕೋಬೇಡಿ.

ಆ ಒಬ್ಬರು ನನ್ನ ಸೋದರಮಾವ. ನಮ್ಮ ಮನೆಯ ಮದುವೆಗಳಲ್ಲಿ ನೀವು ನೋಡಿರುತ್ತೀರಿ. ಊಟದ ಸಾಲಿನ ತುದಿಯಲ್ಲಿ ಕೂತಿರುತ್ತಾರೆ. ಬಿಳಿ ಅಂಗಿ, ಪಂಚೆ, ಎಡಗೈ ಮಣಿಕಟ್ಟಿನ ಮೇಲೆ ಒಂದು ಉದ್ದನೆಯ ಗಾಯದ ಗುರುತು. ಜಾಸ್ತಿ ಮಾತಿಲ್ಲ. ನಾವು ಮಕ್ಕಳೆಲ್ಲ ಅವರನ್ನು ಕರೆಯುತ್ತಿದ್ದದ್ದು ಸೋಡಾ ಮಾವ ಅಂತ.

ಅರಸೀಕೆರೆಯಲ್ಲಿ ಒಂದು ಸೋಡಾ ಫ್ಯಾಕ್ಟರಿಯಲ್ಲಿ ಅವರಿಗೆ ಕೆಲಸ. ಫ್ಯಾಕ್ಟರಿ ಅಂದರೆ ಏನೇನೋ ಊಹಿಸಬೇಡಿ. ಹೆಂಚಿನ ಮನೆಯ ಮುಂದಿನ ಕೋಣೆ, ಕೈಯಲ್ಲಿ ತಿರುಗಿಸುವ ಒಂದು ಮಿಷಿನ್, ಗ್ಯಾಸ್ ಸಿಲಿಂಡರ್, ನೀರಿನ ತೊಟ್ಟಿ, ಗೋಡೆಗೆ ಒರಗಿಸಿದ ಮರದ ಕ್ರೇಟುಗಳು. ಅಷ್ಟೇ. ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೋದರೆ ನಮಗೆ ಅಲ್ಲೇ ಠಿಕಾಣಿ. ಬಾಟ್ಲಿ ತೊಳೆದುಕೊಟ್ಟರೆ ಸಂಜೆಗೆ ಒಂದು ಕಲರ್ ಸಿಗುತ್ತಿತ್ತು. ಕಲರ್ ಅಂದರೆ ಕೆಂಪೋ ಹಳದಿಯೋ ಬಣ್ಣದ ಸಿಹಿ ಸೋಡಾ. ಕುಡಿದವನು ಯಾವುದು ಕುಡಿದ ಅಂತ ಹೇಳಬೇಕಾಗಿರಲಿಲ್ಲ, ನಾಲಿಗೆ ಚಾಚಿದರೆ ಸಾಕು.

ಈಗ ಆ ರಾತ್ರಿಗೆ ಬರುತ್ತೇನೆ.

ಹೆಂಡತಿಗೆ ಜ್ವರ. ಮಗ ಟಿಕೆಟ್ ಸಿಗದೆ ದೂರದಲ್ಲಿ ಸಿಕ್ಕಿಕೊಂಡಿದ್ದ. ತಮ್ಮ ಹಿಂದಿನ ಎರಡು ರಾತ್ರಿ ನಿದ್ದೆಗೆಟ್ಟು ಬಿದ್ದುಹೋಗುವ ಹಾಗಿದ್ದ. ಯಾರು ಹೇಳಿ ಕಳಿಸಿದರೋ ಗೊತ್ತಿಲ್ಲ, ರಾತ್ರಿ ಎಂಟಕ್ಕೆ ಮಾವ ಒಂದು ಕೈಚೀಲ ಹಿಡಿದುಕೊಂಡು ಬಂದು ನಿಂತರು. ವಯಸ್ಸು ಎಪ್ಪತ್ತು ದಾಟಿದೆ. ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದರಂತೆ. ತಮ್ಮನನ್ನು "ನಡಿ, ಮನೆಗೆ ಹೋಗಿ ಮಲಕ್ಕೋ" ಅಂತ ಕಳಿಸಿಬಿಟ್ಟರು.

ಬೆಳಿಗ್ಗೆ ನನ್ನನ್ನು ಮತ್ತೆ ಒಳಗೆ ಕರ್ಕೊಂಡು ಹೋಗಬೇಕಾಗಬಹುದು, ಅದಕ್ಕೆ ಬಾಯಿಗೆ ಹನಿ ನೀರೂ ಹಾಕಬಾರದು ಅಂತ ನರ್ಸಮ್ಮ ಹೇಳಿ ಹೋದರು. ಸೂಜಿ ಮೂಲಕ ಮೈಗೆ ನೀರು ಹೋಗುತ್ತಿತ್ತು. ಆದರೆ ಬಾಯಿಗೆ ಅದು ಗೊತ್ತಾಗಬೇಕಲ್ಲ? ನಾಲಿಗೆ ಅಂಗುಳಕ್ಕೆ ಅಂಟಿತ್ತು. ಮಾತಾಡುವ ಹಾಗಿಲ್ಲ. ಏನು ಬೇಕಾದರೂ ಬರೆದು ತೋರಿಸು ಅಂತ ಕೈಗೆ ಒಂದು ನೋಟ್‌ಬುಕ್ ಕೊಟ್ಟಿದ್ದರು. ನಾನು "ನೀರು" ಅಂತ ಬರೆದೆ. ಮಾವ ಕನ್ನಡಕ ಹಾಕಿಕೊಂಡು ಓದಿ, ಇಲ್ಲ ಅಂತ ತಲೆಯಾಡಿಸಿದರು. ಅರ್ಧ ಗಂಟೆ ಬಿಟ್ಟು ಮತ್ತೆ ಬರೆದೆ. ಮತ್ತೆ ಇಲ್ಲ. ಆಮೇಲೆ ಸುಮ್ನೆ ತಮಾಷೆಗೆ "ಸೋಡಾ" ಅಂತ ಬರೆದೆ.

ಮಾವ ನಗಲಿಲ್ಲ. ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡರು. "ಯಾವ್ದು? ನಿಂಬೆನೋ, ಶುಂಠಿನೋ, ಪನ್ನೀರೋ?" ಅಂದರು.

ನಾನು "ಶುಂಠಿ" ಅಂತ ಬರೆದೆ.

"ಹಂಗಾದ್ರೆ ಶುಂಠಿ ಜಜ್ಜಬೇಕು" ಅಂದರು.

ಅಲ್ಲಿಂದ ಶುರು. ಆ ಮನುಷ್ಯ ನನಗೆ ಬಾಯಿಮಾತಿನಲ್ಲೇ ಒಂದು ಸೋಡಾ ಮಾಡಿಕೊಟ್ಟರು. ಒಂದು ಹಂತವನ್ನೂ ಹಾರಿಸಲಿಲ್ಲ. ಮೊದಲು ಬಾಟ್ಲಿ ತೊಳೆಯಬೇಕು. ಗೋಲಿ ಒಳಗೇ ಇರುವುದರಿಂದ ಬ್ರಷ್ ಸಲೀಸಾಗಿ ಹೋಗುವುದಿಲ್ಲ, ಓರೆ ಮಾಡಿ ತೂರಿಸಬೇಕು. ಆಮೇಲೆ ಬಾಯೊಳಗಿನ ರಬ್ಬರ್ ವಾಷರ್ ಮೇಲೆ ಬೆರಳಾಡಿಸಿ ನೋಡಬೇಕು, ಬಿರುಕು ಬಿಟ್ಟಿದ್ದರೆ ಗ್ಯಾಸು ನಿಲ್ಲುವುದಿಲ್ಲ. "ನೋಡಿದ್ಯಾ?" ಅಂತ ಕೇಳಿದರು. ನಾನು ತಲೆಯಾಡಿಸುವ ತನಕ ಮುಂದಕ್ಕೆ ಹೋಗಲಿಲ್ಲ. ಶುಂಠಿ ರಸ, ಸಕ್ಕರೆ ಪಾಕ, ಒಂಚೂರು ನಿಂಬೆ. ಪಾಕ ಮೊದಲು, ನೀರು ಆಮೇಲೆ. ನೀರನ್ನು ಕತ್ತಿನ ತನಕ ತುಂಬಬಾರದು, ಗ್ಯಾಸಿಗೆ ಜಾಗ ಬಿಡಬೇಕು. ಬಾಟ್ಲಿಗಳನ್ನು ಮಿಷಿನ್ನಿನ ಪೆಟ್ಟಿಗೆಯಲ್ಲಿ ಕೂರಿಸಿ, ಮುಚ್ಚಳ ಬಿಗಿದು, ಗ್ಯಾಸ್ ಬಿಟ್ಟು, ಹಿಡಿ ತಿರುಗಿಸಬೇಕು. ಒಳಗೆ ಬಾಟ್ಲಿ ಉರುಳಾಡುತ್ತಾ ನೀರು ಗ್ಯಾಸು ಹಿಡಿಯುತ್ತದೆ. ಕೊನೆಗೆ ಬಾಟ್ಲಿ ತಲೆಕೆಳಗಾದಾಗ ನಿಲ್ಲಿಸಬೇಕು. ಆಗ ಗೋಲಿ ಉರುಳಿ ಬಾಯಿಗೆ ಬರುತ್ತದೆ, ಒಳಗಿನ ಗ್ಯಾಸೇ ಅದನ್ನು ವಾಷರ್‌ಗೆ ಒತ್ತಿ ಹಿಡಿಯುತ್ತದೆ. ಬಿರಡೆ ಬೇಡ, ಮುಚ್ಚಳ ಬೇಡ.

ಈ ಬಾಟ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಅನ್ನುವವನ ತಲೆಯಿಂದ ಬಂದದ್ದು, 1872ರಲ್ಲಿ ಅದಕ್ಕೆ ಪೇಟೆಂಟ್ ಪಡೆದಿದ್ದ. ಅದನ್ನು ನಾನೇ ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದ್ದೇನೆ, ಒತ್ತಡದ ಪಾಠ ಬಂದಾಗಲೆಲ್ಲ. ಆದರೆ ಬಾಟ್ಲಿಯ ಕತ್ತಿನಲ್ಲಿರುವ ಎರಡು ತಗ್ಗು ಯಾಕಿವೆ ಅಂತ ನಾನು ಪಾಠ ಮಾಡಿದ್ದಕ್ಕಿಂತ ಚೆನ್ನಾಗಿ ಮಾವ ಆವತ್ತು ಹೇಳಿದರು. "ಆ ತಗ್ಗು ಕೆಳಗಡೆ ಬರೋ ಹಂಗೆ ಬಾಟ್ಲಿ ಹಿಡಿದ್ರೆ ಗೋಲಿ ಅಲ್ಲಿ ಕೂತ್ಕೊಂಡು ದಾರಿ ಬಿಡುತ್ತೆ. ಮೇಲ್ಗಡೆ ಇಟ್ಕೊಂಡ್ರೆ ಗೋಲಿ ಬಂದು ಅಡ್ಡ ನಿಲ್ಲುತ್ತೆ. ಹೊಸಬರು ಯಾರು ಅಂತ ಕುಡಿಯೋದು ನೋಡಿದ್ರೇ ಗೊತ್ತಾಗ್ತಿತ್ತು ಮೇಷ್ಟ್ರೇ."

ನನ್ನ ಸೋಡಾ ತಯಾರಾಯಿತು. ಹೆಬ್ಬೆಟ್ಟಿನಲ್ಲಿ ಗೋಲಿ ಒತ್ತಿದ ಹಾಗೆ ಗಾಳಿಯಲ್ಲಿ ಒತ್ತಿ, ಬಾಯಲ್ಲೇ 'ಟಪ್' ಅಂದು, ಅದರ ಹಿಂದೆಯೇ 'ಸುಯ್ಯ್' ಅಂದರು. ಪಕ್ಕದ ಮಂಚದವರು ಎದ್ದು ನೋಡಿದರು.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. "ಇದು ಒಂದಾಯ್ತು. ಕ್ರೇಟಿಗೆ 24" ಅಂದರು ಮಾವ.

ಎರಡನೆಯದು ಬಸ್ ಸ್ಟ್ಯಾಂಡಿನ ಕಂಡಕ್ಟರ್ ಒಬ್ಬರಿಗೆ, ಉಪ್ಪು ಹಾಕಿದ ನಿಂಬೆ ಸೋಡಾ. ಮೂರನೆಯದು ರೈಲ್ವೆ ಸ್ಟೇಷನ್ನಿನ ಕೂಲಿಗಳಿಗೆ, ಇಬ್ಬರಿಗೆ ಒಂದು. ಆಮೇಲಿನದು ಹೊಟ್ಟೆ ಉಬ್ಬರ ಅಂತ ಬರುತ್ತಿದ್ದ ಕೊಬ್ಬರಿ ವ್ಯಾಪಾರಿಗೆ, ಏನೂ ಹಾಕದ ಖಾಲಿ ಸೋಡಾ. ಒಂದೊಂದು ಬಾಟ್ಲಿಗೂ ಒಬ್ಬ ಗಿರಾಕಿ, ಅವನದೊಂದು ಕಥೆ. ನಡುವೆ ಒಂದು ಬಾಟ್ಲಿ ಒಡೆಯಿತು. ಅದು ಮಣಿಕಟ್ಟಿನ ಗಾಯದ ಬಾಟ್ಲಿ. ಹಳೆಯ ಗಾಜು ಸಾವಿರ ಸಲ ತುಂಬಿಸಿಕೊಂಡು ಸವೆದಿರುತ್ತದೆ, ಯಾವಾಗ ಸಿಡಿಯುತ್ತೆ ಅಂತ ಹೇಳಲಾಗದು. ಅದಕ್ಕೇ ಕೈಗೆ ಗೋಣಿ ಸುತ್ತಿಕೊಂಡು ಕೆಲಸ ಮಾಡಬೇಕು. ಆವತ್ತು ಮಾವ ಸುತ್ತಿಕೊಂಡಿರಲಿಲ್ಲ, ಸೆಖೆ ಅಂತ. ಬೇಸಿಗೆಯಲ್ಲಿ ಅವರು ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಸೋಡಾ ತುಂಬುತ್ತಿದ್ದರು. ಬಿಸಿಲೇರಿದ ಮೇಲೆ ತೊಟ್ಟಿ ನೀರು ಬೆಚ್ಚಗಾಗುತ್ತದೆ, ಬೆಚ್ಚಗಿನ ನೀರು ಗ್ಯಾಸನ್ನು ಹಿಡಿದುಕೊಳ್ಳುವುದಿಲ್ಲ. ಅನಿಲ ಕರಗುವ ನಿಯಮ ಅಂತ ನಾನು ಬೋರ್ಡಿನ ಮೇಲೆ ಬರೆಯುವುದನ್ನು ಅವರು ನಿದ್ದೆಗೆಟ್ಟು ಕಲಿತಿದ್ದರು.

ಸೋಡಾದಿಂದ ಮಾತು ಪೆಪ್ಪರ್‌ಮೆಂಟಿಗೆ ಹೋಯಿತು. ಫ್ಯಾಕ್ಟರಿ ಎದುರಿಗೇ ಒಂದು ಪೆಟ್ಟಿಗೆ ಅಂಗಡಿ ಇತ್ತು. ಗಾಜಿನ ಜಾಡಿಗಳು ಯಾವ ಕ್ರಮದಲ್ಲಿ ಇದ್ದವು ಅಂತ ನಮ್ಮಿಬ್ಬರಿಗೂ ಜಗಳ. ನಾನು ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆದು ತೋರಿಸಿದೆ. ಎಡಗಡೆಯಿಂದ ನಿಂಬೆಹುಳಿ, ಕಿತ್ತಳೆ ತೊಳೆ ಆಕಾರದ್ದು, ಜೀರಿಗೆ ಪೆಪ್ಪರ್‌ಮೆಂಟು, ಕಮ್ಮರಕಟ್ಟು. ಇಲ್ಲ, ಕಮ್ಮರಕಟ್ಟು ಮೊದಲನೇ ಜಾಡಿ ಅಂತ ಮಾವ. ಬೆಲ್ಲದ ಆ ಗಟ್ಟಿ ಉಂಡೆ ಬಾಯಲ್ಲಿ ಹಾಕಿಕೊಂಡರೆ ಶಾಲೆ ಮುಟ್ಟುವ ತನಕ ಕರಗುತ್ತಿರಲಿಲ್ಲ. ಕಡಿದರೆ ಹಲ್ಲು ಹೋಗುತ್ತಿತ್ತೇ ಹೊರತು ಅದು ಒಡೆಯುತ್ತಿರಲಿಲ್ಲ. ನಿಂಬೆಹುಳಿ ಪೆಪ್ಪರ್‌ಮೆಂಟು ಒಂದೇ ಇದ್ದರೆ ಅಂಗಿ ಚುಂಗಿನಲ್ಲಿ ಸುತ್ತಿ, ಬಟ್ಟೆ ಮೇಲಿಂದಲೇ ಕಚ್ಚಿ, ಕಾಗೆ ಎಂಜಲು ಮಾಡಿ ತಮ್ಮನಿಗೆ ಅರ್ಧ. ದೊಡ್ಡ ತುಂಡು ಯಾವಾಗಲೂ ಕಚ್ಚಿದವನದೇ. ಚೌಕಾಕಾರದ ಐದು ಪೈಸೆ, ಅಂಚು ಅಲೆಅಲೆಯಾಗಿದ್ದ ಹತ್ತು ಪೈಸೆ. 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ 2011ರ ಜೂನ್ ಕೊನೆಗೆ ನಿಂತಿತು. ಅದಕ್ಕೂ ಎಷ್ಟೋ ವರ್ಷ ಮೊದಲೇ ಅವುಗಳಿಗೆ ಪೆಪ್ಪರ್‌ಮೆಂಟು ಬರುವುದು ನಿಂತಿತ್ತು ಬಿಡಿ.

ಬೊಂಬೆ ಮಿಠಾಯಿಯವನು ನೆನಪಿದ್ದಾನಾ? ಬಿದಿರಿನ ಗಳುವಿನ ತುದಿಯಲ್ಲಿ ಚಪ್ಪಾಳೆ ತಟ್ಟುವ ಬೊಂಬೆ, ಕೆಳಗೆ ಸುತ್ತಿದ ಗುಲಾಬಿ ಬಣ್ಣದ ಪಾಕ. ಎಳೆದು, ತಿರುಚಿ, ಕೈಗೆ ಗಡಿಯಾರ ಕಟ್ಟುತ್ತಿದ್ದ. ಕೊನೆಯಲ್ಲಿ ಒಂಚೂರು ಕೆನ್ನೆಗೆ ಅಂಟಿಸುತ್ತಿದ್ದ, ಅದು ಬಿಟ್ಟಿ. ನಮಗೆ ಗಡಿಯಾರಕ್ಕಿಂತ ಆ ಬಿಟ್ಟಿಯದೇ ರುಚಿ ಜಾಸ್ತಿ. ಸಿಗರೇಟಿನ ಆಕಾರದ, ತುದಿಗೆ ಕೆಂಪು ಬಳಿದ ಪೆಪ್ಪರ್‌ಮೆಂಟೂ ಆ ಅಂಗಡಿಯಲ್ಲಿ ಇತ್ತು. ಬೆರಳ ಸಂದಿಯಲ್ಲಿ ಇಟ್ಟುಕೊಂಡು ಹೊಗೆ ಬಿಡುವ ಹಾಗೆ ಊದುತ್ತಿದ್ದೆವು. ನಾನು ಮಲಗಿದ್ದ ವಾರ್ಡಿನಲ್ಲಿ ಯಾರ್‍ಯಾರು ಯಾತಕ್ಕೆ ಬಂದು ಮಲಗಿದ್ದರು ಅಂತ ನೋಡಿದವನಾಗಿ ಹೇಳುತ್ತೇನೆ, ಅದನ್ನು ಮಕ್ಕಳಿಗೆ ಮಾರಿದ್ದು ನೆನೆದರೆ ಈಗ ಮೈ ಉರಿಯುತ್ತದೆ. ಹಳೆಯದೆಲ್ಲ ಚೆನ್ನಾಗಿತ್ತು ಅನ್ನುವವರ ಜೊತೆ ನನಗೆ ಅಷ್ಟು ಸರಿಹೋಗುವುದಿಲ್ಲ.

ದೊಡ್ಡ ಕಂಪನಿಗಳ ಬಗ್ಗೆ ಮಾವನಿಗೆ ಒಂದು ವಾದವಿದೆ. 1977ರಲ್ಲಿ ಕೋಕಾ ಕೋಲಾ ದೇಶ ಬಿಟ್ಟು ಹೋಯಿತು. ಆ ಜಾಗಕ್ಕೆ ಸರ್ಕಾರವೇ ಡಬಲ್ ಸೆವೆನ್ ಅಂತ ಒಂದು ಡ್ರಿಂಕ್ಸ್ ತಂದಿತು. ಥಮ್ಸ್ ಅಪ್ ಬಂತು, ಕ್ಯಾಂಪಾ ಕೋಲಾ ಬಂತು. ಇದ್ಯಾವುದೂ ಅರಸೀಕೆರೆಯ ಗೋಲಿ ಸೋಡಾಕ್ಕೆ ಏನೂ ಮಾಡಲಿಲ್ಲ ಅಂತಾರೆ ಅವರು. ಗೋಲ್ಡ್ ಸ್ಪಾಟ್ ಅಂದರೆ ಮದುವೆ ಮನೆಗೆ, ಬೀಗರು ಬಂದಾಗ. ದಿನಾ ಬಾಯಾರಿಕೆಗೆ ಸೋಡಾನೇ. 1993ರಲ್ಲಿ ಕೋಕಾ ಕೋಲಾ ವಾಪಸ್ ಬಂದು ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್ ಎಲ್ಲ ಕೊಂಡುಕೊಂಡಿತು. ಗೋಲ್ಡ್ ಸ್ಪಾಟ್ ಆಮೇಲೆ ಮಾಯವೇ ಆಯಿತು. ಆಗಲೂ ಮಾವನ ಕೆಲಸ ಹೋಗಲಿಲ್ಲವಂತೆ. ಹೋದದ್ದು ಪ್ಲಾಸ್ಟಿಕ್ ಬಾಟ್ಲಿ ಬಂದ ಮೇಲೆ. "ಗಾಜಿನ ಬಾಟ್ಲಿ ವಾಪಸ್ ಕೊಡ್ಬೇಕು. ಅಂಗಡಿ ಮುಂದೇ ನಿಂತು ಕುಡೀಬೇಕು. ಪ್ಲಾಸ್ಟಿಕ್ಕು ಕೈಲಿ ಹಿಡ್ಕೊಂಡು ಹೋಗ್ಬೋದು. ಜನಕ್ಕೆ ನಿಂತ್ಕೊಳೋಕೆ ಟೈಮಿಲ್ಲ ಅಂತ ಆವಾಗ್ಲೇ ಗೊತ್ತಾಯ್ತು."

ಇದನ್ನೆಲ್ಲ ಹೇಳುವಾಗ ಕ್ರೇಟಿನಲ್ಲಿ ಹದಿನೈದೋ ಹದಿನಾರೋ ಬಾಟ್ಲಿ ಆಗಿದ್ದಿರಬೇಕು.

ಸುಮಾರು ಮೂರು ಗಂಟೆ. ನೋವಿನ ಇಂಜೆಕ್ಷನ್ನಿನ ಬಲ ಇಳಿದಿತ್ತು, ಮುಂದಿನದಕ್ಕೆ ಇನ್ನೂ ಹೊತ್ತಿತ್ತು. ನಾನು ನೋಟ್‌ಬುಕ್ ತೆಗೆದುಕೊಂಡು "ಸಾಕು" ಅಂತ ಬರೆದೆ.

ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಇಲ್ಲೇ ಮೊದಲು. ನಾನು ಸೋಡಾ ಸಾಕು ಅಂತ ಬರೆದದ್ದಲ್ಲ. ಬೆಳಿಗ್ಗೆ ಮತ್ತೆ ಒಳಗೆ ಹೋಗುವುದು, ಮತ್ತೆ ಹೊಲಿಗೆ, ಮತ್ತೆ ಕರೆಂಟು, ಆಮೇಲೂ ಮಾತು ಬರುತ್ತೋ ಇಲ್ಲವೋ. ಮಾತಾಡಲಾಗದ ಮೇಷ್ಟ್ರು ಯಾಕಿರಬೇಕು? ಇದೆಲ್ಲ ಬೇಡ, ಇಲ್ಲಿಗೇ ಬಿಟ್ಟುಬಿಡಿ ಅಂತ ಇತ್ತು ಮನಸ್ಸಿನಲ್ಲಿ.

ಮಾವ ಅದನ್ನು ಓದಿದರು. ತುಂಬಾ ಹೊತ್ತು ಆ ಹಾಳೆಯನ್ನೇ ನೋಡುತ್ತಿದ್ದರು. ಅವರಿಗೆ ಅರ್ಥವಾಗಿತ್ತು. ಅವರ ಗಲ್ಲ ನಡುಗುತ್ತಿದ್ದದ್ದು ನನಗೆ ಕಂಡಿತು. ದೇವರಿದ್ದಾನೆ, ಧೈರ್ಯ ತಗೋ, ಹೆಂಡ್ತಿ ಮಕ್ಕಳನ್ನ ನೋಡು, ಇದ್ಯಾವುದನ್ನೂ ಅವರು ಹೇಳಲಿಲ್ಲ. ನೋಟ್‌ಬುಕ್ ಮಡಚಿ ನನ್ನ ಎದೆಯ ಮೇಲಿಟ್ಟು, "ಕ್ರೇಟು ಇನ್ನೂ ತುಂಬಿಲ್ವಲ್ಲೋ ಮರಿ" ಅಂದರು. ಐವತ್ತು ದಾಟಿದ ನನ್ನನ್ನು ಮರಿ ಅಂದವರು ಅವರೊಬ್ಬರೇ. ಆಮೇಲೆ ನನ್ನ ಕೈ ಹಿಡಿದುಕೊಂಡು ಮುಂದಿನ ಬಾಟ್ಲಿ ತೊಳೆಯುವುದಕ್ಕೆ ಶುರು ಮಾಡಿದರು. ಮೊದಲಿನಿಂದ. ವಾಷರ್, ಪಾಕ, ನೀರು, ಗ್ಯಾಸು. ಅವರ ದನಿ ಒಡೆಯುತ್ತಿತ್ತು. ನಿಲ್ಲಿಸಲಿಲ್ಲ.

ಕ್ರೇಟು ತುಂಬಿತೋ ಇಲ್ಲವೋ ಗೊತ್ತಿಲ್ಲ. ನನಗೆ ಯಾವಾಗಲೋ ನಿದ್ದೆ ಬಂದಿತ್ತು. ಬೆಳಿಗ್ಗೆ ಡಾಕ್ಟರು ನೋಡಿ, ಮತ್ತೆ ಒಳಗೆ ಹೋಗುವುದು ಬೇಕಾಗಿಲ್ಲ ಅಂದರು. ಮಾವ ಕ್ಯಾಂಟೀನಿನಲ್ಲಿ ಕಾಫಿ ಕುಡಿದು, ತಮ್ಮ ಬಂದ ಮೇಲೆ ಹತ್ತರ ಬಸ್ಸಿಗೆ ಹೋದರು. ರಾತ್ರಿ ಹೇಗಿತ್ತು ಅಂತ ತಮ್ಮ ಕೇಳಿದ್ದಕ್ಕೆ "ಚೆನ್ನಾಗಿದ್ದ" ಅಂದರಂತೆ, ಅಷ್ಟೇ.

ಇನ್ನು ಉಳಿದವರು.

ಹೆಂಡತಿಗೆ ಇಲ್ಲಿ ಥ್ಯಾಂಕ್ಸ್ ಬರೆದರೆ ಬೈಯುತ್ತಾಳೆ, ಬರೆಯುವುದಿಲ್ಲ. ಮಗನಿಗೂ ತಮ್ಮನಿಗೂ ಎದುರಿಗೇ ಹೇಳಿದ್ದೇನೆ. ನನ್ನ ಪೀರಿಯಡ್ಡುಗಳನ್ನು ಹಂಚಿಕೊಂಡು ತೆಗೆದುಕೊಂಡ ಸಹೋದ್ಯೋಗಿಗಳು, ರಕ್ತ ಕೊಟ್ಟ ಹಳೆಯ ವಿದ್ಯಾರ್ಥಿಗಳು, ನನಗಾಗಿ ಆಸ್ಪತ್ರೆ ಕ್ಯೂನಲ್ಲಿ ನಿಂತ ಆಟೋದವರು, ರಾತ್ರಿ ಪಾಳಿಯ ನರ್ಸುಗಳು, ಎಲ್ಲರಿಗೂ ಕೈ ಮುಗಿದೆ. ಹತ್ತನೇ ಕ್ಲಾಸಿನವರು ಒಂದು ಜಾಡಿ ತುಂಬ ತರಾವರಿ ಪೆಪ್ಪರ್‌ಮೆಂಟು ಕಳಿಸಿ, ಮೇಲೆ "ಸಾರ್, ವಾಸಿಯಾದ ಮೇಲೆ ತಿನ್ನಿ, ಅಲ್ಲಿವರೆಗೆ ಎಣಿಸ್ತಾ ಇರಿ" ಅಂತ ಚೀಟಿ ಅಂಟಿಸಿದ್ದರು. ಯಾರ ಕೈಬರಹ ಅಂತ ಗೊತ್ತಾಗಿದೆ. ಪುತ್ತೂರಿನ ಗೆಳೆಯ ಕ್ಯಾಂಪ್ಕೋ ಚಾಕಲೇಟಿನ ದೊಡ್ಡ ಡಬ್ಬಿ ತಂದು ವಾರ್ಡಿಗೆಲ್ಲ ಹಂಚಿ, ಜೊತೆಗೆ ಭಾಷಣವನ್ನೂ ಹಂಚಿದ. ಅಡಿಕೆ, ಕೋಕೋ ಬೆಳೆಗಾರರ ಸಹಕಾರ ಸಂಘದ್ದು, ಫ್ಯಾಕ್ಟರಿ 1986ರಿಂದ ನಮ್ಮೂರಲ್ಲೇ ಇದೆ, ವಿದೇಶಿ ಚಾಕಲೇಟು ಯಾಕೆ ಬೇಕು ಅಂತ. ನಾನೊಬ್ಬನೇ ತಿನ್ನಲಾಗದೆ ಭಾಷಣ ಮಾತ್ರ ಕೇಳಿದೆ.

ಪಕ್ಕದ ಮನೆಯ ಅಕ್ಕನಿಗೆ ಒಂದೆರಡು ಸಾಲು ಜಾಸ್ತಿ ಬರೆಯಲೇಬೇಕು. ಸಂಕ್ರಾಂತಿಗೆ ನನಗೆ ಎಳ್ಳು ಬೆಲ್ಲ ನುಂಗಲು ಆಗುತ್ತಿರಲಿಲ್ಲ. ಅವರು ಸಕ್ಕರೆ ಅಚ್ಚು ಮಾಡುವಾಗ ನನ್ನನ್ನು ಕರೆದು ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಟ್ಟರು. ಮರದ ಅಚ್ಚುಗಳನ್ನು ನೀರಿನಿಂದ ತೆಗೆದು, ಜೋಡಿಸಿ, ರಬ್ಬರ್ ಬ್ಯಾಂಡು ಹಾಕಿ, ಬೆಳ್ಳಗೆ ತಿರುಗಿದ ಪಾಕವನ್ನು ಗಟ್ಟಿಯಾಗುವ ಮೊದಲೇ ಸರಸರ ಹುಯ್ಯುವುದನ್ನು ನೋಡುತ್ತಾ ಕೂತಿದ್ದೆ. ಒಂದು ಆನೆ, ಒಂದು ನವಿಲು, ಒಂದು ತುಳಸಿ ಕಟ್ಟೆ ಕೈಗೆ ಕೊಟ್ಟು, "ನಾಲಿಗೆಗೆ ಮುಟ್ಟಿಸಿ ನೋಡಿ" ಅಂದರು. ಏನೂ ಗೊತ್ತಾಗಲಿಲ್ಲ, ಮರಳು ಮರಳು ಅಷ್ಟೇ. ಅವರು ಆ ಮೂರನ್ನೂ ಡಬ್ಬಿಯಲ್ಲಿ ಹಾಕಿ ನನ್ನ ಹೆಸರಿನಲ್ಲಿ ಎತ್ತಿಟ್ಟರು. ಹೋದ ವಾರ ಆನೆಯ ಸೊಂಡಿಲು ಮುರಿದು ತಿಂದೆ. ಸಿಹಿ ಇತ್ತು, ಅಕ್ಕ.

ನನಗೆ ಮೊದಲು ವಾಪಸ್ ಬಂದದ್ದು ಹುಳಿ, ಸಿಹಿ ಕೊನೆಗೆ. ಮಲಗಿದ್ದಾಗ ಈ ಬಗ್ಗೆ ಒಂದಿಷ್ಟು ಓದಿದೆ, ಮೇಷ್ಟ್ರ ಚಟ. ಸೋಡಾದ ಆ ಚುರುಕು ಗುಳ್ಳೆ ಒಡೆಯುವುದರಿಂದ ಅಂತ ನಾವೆಲ್ಲ ಅಂದುಕೊಂಡಿದ್ದೇವಲ್ಲ, ಅದು ಹಾಗಲ್ಲ. ಗ್ಯಾಸು ನೀರಿನಲ್ಲಿ ಸೇರಿ ಕಾರ್ಬಾನಿಕ್ ಆಮ್ಲವಾಗುತ್ತದೆ, ನಾಲಿಗೆಗೆ ಕುಟುಕುವುದು ಮುಖ್ಯವಾಗಿ ಆ ಆಮ್ಲ. ಎತ್ತರದ ಬೆಟ್ಟ ಹತ್ತುವವರು ಅಸೆಟಜೋಲಮೈಡ್ ಅಂತ ಒಂದು ಮಾತ್ರೆ ತೆಗೆದುಕೊಳ್ಳುತ್ತಾರೆ. ಅದನ್ನು ನುಂಗಿದವರಿಗೆ ಗ್ಯಾಸು ಎಷ್ಟೇ ಇದ್ದರೂ ಸೋಡಾ ಸಪ್ಪೆ ಆಗಿಬಿಡುತ್ತದಂತೆ. ಮಾವನಿಗೆ ಇದನ್ನು ಹೇಳಿದೆ. "ಮಾತ್ರೆ ಯಾಕೆ, ನಮ್ಮ ಓನರ್ರು ಗ್ಯಾಸ್ ಉಳಿಸೋಕೆ ಹೋಗಿ ಊರಿಗೇ ಸಪ್ಪೆ ಕುಡಿಸ್ತಿದ್ರು" ಅಂದರು.

ಡಾಕ್ಟರು ಹೂಂ ಅಂದ ದಿನವೇ ಮಾವನನ್ನು ಕರ್ಕೊಂಡು ಹೋಗಿ ಗೋಲಿ ಸೋಡಾ ಕುಡಿದೆ. ಈಗ ಮತ್ತೆ ಅಲ್ಲಲ್ಲಿ ಸಿಗುತ್ತದೆ, ಹೊಸ ಬಾಟ್ಲಿ, ಬಣ್ಣಬಣ್ಣದ ಲೇಬಲ್ಲು, ದುಬಾರಿ. ಮಾವ ಬಾಟ್ಲಿಯನ್ನು ತಿರುಗಿಸಿ ತಿರುಗಿಸಿ ನೋಡಿ, ವಾಷರ್ ಮೇಲೆ ಬೆರಳಾಡಿಸಿ, ಒಂದು ಗುಟುಕು ಕುಡಿದು, "ಗ್ಯಾಸು ಪರವಾಗಿಲ್ಲ. ಶುಂಠಿ ಎಲ್ಲಿದೆ?" ಅಂತ ಅಂಗಡಿ ಹುಡುಗನನ್ನು ಕೇಳಿದರು. ಅವನು ಲೇಬಲ್ ತೋರಿಸಿದ. ನನಗೂ ಸಿಹಿ ತುಂಬಾ ಜಾಸ್ತಿ ಅನ್ನಿಸಿತು. ಗಂಟಲು ಸ್ವಲ್ಪ ಉರಿಯಿತು. ಆದರೂ ಬಾಟ್ಲಿ ಪೂರ್ತಿ ಮುಗಿಸಿದೆ, ಮಾವ ಉಳಿಸಿದ್ದನ್ನೂ ಸೇರಿಸಿ.

ಬರುವವರು ಬನ್ನಿ, ಹಾರ್ಲಿಕ್ಸ್ ಮಾತ್ರ ತರಬೇಡಿ, ಮನೆಯಲ್ಲಿ ಅಂಗಡಿ ಇಡುವಷ್ಟಿದೆ. ಮಾವನಿಗೆ ಏನಾದರೂ ಹೇಳಬೇಕು ಅನ್ನಿಸಿದರೆ ಇಲ್ಲಿ ಬರೆಯಿರಿ, ಅವರ ಮೊಮ್ಮಗಳು ಓದಿ ಹೇಳುತ್ತಾಳೆ. ಎದುರಿಗೇ ಹೇಳುವವರು ಸಂಜೆ ನಾಲ್ಕರ ಮೇಲೆ ಹೋಗಿ, ಮಧ್ಯಾಹ್ನ ಮಲಗಿರುತ್ತಾರೆ. ಸಕ್ಕರೆ ಕಾಯಿಲೆ ಇದೆ, ಸಿಹಿ ತೆಗೆದುಕೊಂಡು ಹೋಗಬೇಡಿ. ಕೊಟ್ಟರೆ ಅತ್ತೆಗೆ ಕಾಣದ ಹಾಗೆ ತಿನ್ನುತ್ತಾರೆ.